ಅತ್ತೆಯವರ ಪಾಸ್‌ವರ್ಡ್

ತಾನು ತುಂಬಲಾಗದ ಅರ್ಜಿ ಈ ಭೂಮಿಯ ಮೇಲೆ ಇನ್ನೂ ಅಚ್ಚಾಗಿಲ್ಲ ಎಂಬುದು ನಮ್ಮ ಮನೆಯವರಾದ ಗಣೇಶಪ್ರಸಾದರ ನಂಬಿಕೆ. ಅವರ ಕೆಲಸವೇ ಅಂಥದ್ದು. ತಿರುವನಂತಪುರದ ಸೆಕ್ರೆಟೇರಿಯೆಟ್ಟಿನಲ್ಲಿ ಕುಳಿತು, ಮಲಯಾಳದಲ್ಲಿ ಹೊರಡುವ ಸರ್ಕಾರಿ ಆದೇಶಗಳನ್ನು ಕಾಸರಗೋಡಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರ್ಜುಮೆ ಮಾಡುವುದು. ಸೋಮವಾರ ಬೆಳಿಗ್ಗೆ ರೈಲು ಹತ್ತಿದರೆ, ಶುಕ್ರವಾರ ಸಂಜೆ ಕೊಚ್ಚಿಯ ಕಲೂರಿನಲ್ಲಿರುವ ನಮ್ಮ ಫ್ಲ್ಯಾಟಿಗೆ ವಾಪಸ್ಸು. ಶನಿವಾರ ಬಂತೆಂದರೆ ಗ್ಯಾಸಿನ ಅರ್ಜಿ, ಪಾಸ್‌ಪೋರ್ಟಿನ ಅರ್ಜಿ ಹಿಡಿದುಕೊಂಡು ಕಟ್ಟಡದವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಇವರು ಕನ್ನಡಕ ಏರಿಸಿ, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಇದರಲ್ಲಿ ಎಂತ ಉಂಟು?” ಎನ್ನುತ್ತಿದ್ದರು. ವೈದ್ಯರು ನಾಡಿ ಹಿಡಿದು ಏನೂ ಇಲ್ಲ ಎಂದರೆ ರೋಗಿಗೆ ಆಗುವಷ್ಟೇ ಸಮಾಧಾನ ಬಂದವರಿಗೂ ಆಗುತ್ತಿತ್ತು.

ಆ ಕಾಲಕ್ಕೆ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ಹೊಸತು. ಅದರ ಬೆನ್ನಿಗೇ ಬಂತು ಕರಿ ಪೆಟ್ಟಿಗೆ. ಮೇಲಿನ ಮಹಡಿಯಲ್ಲಿದ್ದ ಮಂಗಳೂರಿನ ಅಲ್ವಿನ್ ಅವರಿಗೆ ಶಾರ್ಜಾದಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೊರಟರು. ಹೊರಡುವಾಗ ತಮ್ಮ ಮಗಳು ಜಾಯ್ಸ್ ಆಡುತ್ತಿದ್ದ, ಟೀವಿಗೆ ಸಿಕ್ಕಿಸುವ ಗೇಮ್ ಪೆಟ್ಟಿಗೆಯನ್ನು ನಮ್ಮ ಮಗಳು ರಮ್ಯಶ್ರೀಗೆ ಕೊಟ್ಟರು. “ಅಲ್ಲಿ ಅವಳಿಗೊಂದು ಹೊಸದು ತೆಗೆದುಕೊಡ್ತೇನೆ. ಇಂಟರ್‌ನೆಟ್ ಸೇರಿಸಿ ಒಂದು ಅಕೌಂಟ್ ಮಾಡಿದ್ರೆ ಆಯ್ತು, ಇಬ್ಬರೂ ಒಟ್ಟಿಗೇ ಆಡಬಹುದು. ಮೈಕಿನಲ್ಲಿ ಮಾತೂ ಆಡಬಹುದು” ಎಂದರು.

ಜಾಯ್ಸ್ ಮತ್ತು ರಮ್ಯ ಒಂದೇ ತರಗತಿ, ಒಂದೇ ಶಾಲಾ ಬಸ್ಸು, ಸಂಜೆ ಒಂದೇ ಟೆರೇಸು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವ ನನ್ನ ಮಗಳ ಬಾಯಲ್ಲಿ ತಾನಾಗಿ ಕನ್ನಡ ಬರುತ್ತಿದ್ದುದು ಜಾಯ್ಸ್ ಎದುರಿಗೆ ಇದ್ದಾಗ ಮಾತ್ರ. ಅವಳು ಹೋದ ಮೇಲೆ ಇವಳು ಟೆರೇಸಿಗೆ ಹೋಗುವುದನ್ನೇ ಬಿಟ್ಟಳು. ಶಾರ್ಜಾದಿಂದ ಫೋನ್ ಬಂದರೂ ಅದು ದೊಡ್ಡವರ ಫೋನು. “ಚೆನ್ನಾಗಿದ್ದೀರಾ?” “ಚೆನ್ನಾಗಿದ್ದೇವೆ!” ಎಂದು ಎರಡೂ ಕಡೆಯವರು ಕಿರುಚಿ, ಬಿಲ್ಲಿಗೆ ಹೆದರಿ ಇಟ್ಟುಬಿಡುವುದು. ಮಕ್ಕಳ ಪಾಲಿಗೆ ಉಳಿಯುತ್ತಿದ್ದುದು ಒಂದು “ಹಲೋ”. ಹಾಗಾಗಿ ಜಾಯ್ಸ್ ನನ್ನ ಈಮೇಲಿಗೆ, ಶನಿವಾರ ಸಂಜೆ ಕಾಯುತ್ತೇನೆ ಎಂದು ಬರೆದ ದಿನ ರಮ್ಯ ಅಡುಗೆಮನೆಗೆ ಓಡಿ ಬಂದು ನಾನು ಹಿಟ್ಟು ಕಲಸುತ್ತಿದ್ದ ಕೈಯನ್ನೇ ಹಿಡಿದು ಕುಣಿದಳು.

“ಒಂದು ಅಕೌಂಟ್ ತಾನೇ? ಇದರಲ್ಲಿ ಎಂತ ಉಂಟು?” ಎಂದರು ಇವರು.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸೂಚನೆ ಬಂತು. ಮಕ್ಕಳು ನೇರವಾಗಿ ಖಾತೆ ತೆರೆಯುವಂತಿಲ್ಲ. ಮನೆಯ ಹಿರಿಯರೊಬ್ಬರು ಮೊದಲು ತಮ್ಮ ಹೆಸರಿನಲ್ಲಿ ಮುಖ್ಯ ಖಾತೆ ತೆರೆಯಬೇಕು, ಉಳಿದವರ ಖಾತೆ ಅದರ ಅಡಿಯಲ್ಲಿ. ಬೇರೆ ಯಾವ ಅಪ್ಪನಾದರೂ ತನ್ನ ಹೆಸರನ್ನು ಬಡಿದು ಮುಗಿಸುತ್ತಿದ್ದ. ಇವರು ಎದ್ದು ಹೋಗಿ ಬೀರುವಿನಿಂದ ರೇಷನ್ ಕಾರ್ಡ್ ತಂದರು.

“ಅಪ್ಪಾ, ಅದು ಎಂದಿನಾ?” ಎಂದಳು ರಮ್ಯ. ಅದೇಕೆ ಎಂದು.

“ಮನೆಯ ಹಿರಿಯರು ಯಾರು ಅಂತ ಸರ್ಕಾರ ಒಪ್ಪಿದ್ದು ಇದರಲ್ಲಿ ಉಂಟು. ನೋಡು. ಕುಸುಮಾವತಿ. ನನ್ನ ಅಮ್ಮ. ಗ್ಯಾಸ್ ಅವರ ಹೆಸರಲ್ಲಿ, ಕರೆಂಟು ಅವರ ಹೆಸರಲ್ಲಿ. ಇದು ಮಾತ್ರ ನನ್ನ ಹೆಸರಲ್ಲಿ ಹೇಗೆ ಆಗ್ತದೆ?”

“ಎಲ್ಲರ ಮನೆಯಲ್ಲೂ ಅಪ್ಪನ ಹೆಸರೇ ಹಾಕುದು!” ಎಂದಳು, ಅದೂ ಮಲಯಾಳದಲ್ಲೇ.

“ಎಲ್ಲರ ಮನೆಯಲ್ಲಿ ಅಪ್ಪನ ಅಮ್ಮ ಇಲ್ಲ.”

ಹೀಗೆ ನನ್ನ ಅತ್ತೆಯವರು ಕಾರ್ ರೇಸಿನ ಪೆಟ್ಟಿಗೆಗೆ ಯಜಮಾನಿಯಾದರು. ರಮ್ಯ ಅವರ ಅಡಿಯಲ್ಲಿ. ಕ್ರಮ ಎಂದರೆ ಕ್ರಮ ಎಂದು ಇವರು ತಮ್ಮನ್ನೂ ನನ್ನನ್ನೂ ಅತ್ತೆಯವರ ಅಡಿಯಲ್ಲಿಯೇ ಸೇರಿಸಿದರು. ಯಜಮಾನಿಯ ಒಪ್ಪಿಗೆಯಿಲ್ಲದೆ ಈ ಪೆಟ್ಟಿಗೆಯಲ್ಲಿ ಬೇರೆ ಯಾವ ಹೊಸ ಖಾತೆಯನ್ನೂ ತೆರೆಯಕೂಡದು ಎಂಬಲ್ಲಿಯೂ ಒಂದು ಗುರುತು ಹಾಕಿದರು. ಖಾಲಿ ಚೌಕ ಕಂಡರೆ ಬಿಡುವ ಜೀವವಲ್ಲ.

ಅತ್ತೆಯವರು ಮಂಜೇಶ್ವರದ ಕಡೆಯ ಕನ್ನಡ ಶಾಲೆಯೊಂದರಲ್ಲಿ ಟೀಚರಾಗಿ ನಿವೃತ್ತರಾದವರು. ಪ್ರಶ್ನೆಪತ್ರಿಕೆಯ ಕಟ್ಟನ್ನು ರಾತ್ರಿ ದಿಂಬಿನ ಅಡಿ ಇಟ್ಟುಕೊಂಡು ಮಲಗುತ್ತಿದ್ದರಂತೆ. ಈಗ ಸೀರೆಯ ಸೆರಗು ಸರಿಮಾಡಿಕೊಂಡು ಟೀವಿಯ ಮುಂದೆ ಕುಳಿತರು.

“ಇದು ಎಂತ ಕೇಳುದು?”

“ಪಾಸ್‌ವರ್ಡ್ ಅಮ್ಮ. ಎಂಟು ಅಕ್ಷರವಾದರೂ ಇರಬೇಕು. ಅಂಕೆಯೂ ಬೇಕು.”

“ಕೆಳಗೆ ಸಣ್ಣದಾಗಿ ಬರೆದದ್ದು?”

“ಅದು… ‘ನಿಮ್ಮ ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ. ಮನೆಯವರಿಗೂ ಬೇಡ. ನಮ್ಮ ಅಧಿಕಾರಿಗಳು ಅದನ್ನು ಎಂದೂ ಕೇಳುವುದಿಲ್ಲ.’”

ಇವರು ಇದನ್ನು ಸರ್ಕಾರಿ ಆದೇಶ ಓದುವ ಗಂಭೀರ ಧ್ವನಿಯಲ್ಲಿ ಓದಿದರು. ಅಲ್ಲೇ ಎಡವಟ್ಟಾದದ್ದು. ಅತ್ತೆಯವರು ನಮ್ಮೆಲ್ಲರನ್ನೂ ಬಾಲ್ಕನಿಗೆ ಕಳುಹಿಸಿ ಪರದೆ ಎಳೆಸಿದರು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುವ ಟಿಕ್ ಟಿಕ್ ಸದ್ದು ಬಹಳ ಹೊತ್ತು ಕೇಳಿಸಿತು. ಕಡೆಗೆ, “ಹ್ಞಾಂ, ಬನ್ನಿ” ಎಂದರು. ಈ ಖಾತೆಗೆಂದು ತೆರೆದ ತಮ್ಮ ಈಮೇಲಿಗೂ ಅದೇ ಪಾಸ್‌ವರ್ಡ್ ಇಟ್ಟರಂತೆ. ಅದೂ ಬಾಲ್ಕನಿಯಿಂದ ಬಂದ ಮೇಲೆ ತಿಳಿದದ್ದು.

ಆಮೇಲೆ ಯಜಮಾನಿಗೆ ಕೆಲವು ಪ್ರಶ್ನೆಗಳು. ಮಗು ಅಪರಿಚಿತರೊಂದಿಗೆ ಮಾತಾಡಬಹುದೇ? ಅತ್ತೆಯವರು ಯೋಚಿಸಲೇ ಇಲ್ಲ. “ಛೇ! ಅಪರಿಚಿತರ ಹತ್ತಿರ ಎಂತ ಮಾತು?” ಎಂದು ‘ಇಲ್ಲ’ ಒತ್ತಿದರು. ಇವರು ಮೆಚ್ಚಿ ತಲೆದೂಗಿದರು. ರಮ್ಯ ಅಷ್ಟು ಹೊತ್ತಿಗೆ ಕಾದು ಕಾದು ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಆ ಶನಿವಾರ ಖಾತೆ ತೆರೆಯುವುದರಲ್ಲೇ ಮುಗಿಯಿತು.

ಸೋಮವಾರ ಅತ್ತೆಯವರು ಮಗನ ಜೊತೆ ತಿರುವನಂತಪುರಕ್ಕೆ ಹೊರಟರು. ಅಲ್ಲಿಯ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸುವುದಿತ್ತು. ಸಂಜೆ ರಮ್ಯ ಪೆಟ್ಟಿಗೆಯನ್ನು ತೆರೆದಳು. ಆಡುವವರ ಪಟ್ಟಿಯಲ್ಲಿ ಜಾಯ್ಸ್ ಹೆಸರು ಕಂಡಿತು. ಒತ್ತಿದರೆ, ‘ನಿಮ್ಮ ಹಿರಿಯರ ಅನುಮತಿ ಇಲ್ಲ’. ಇನ್ನೊಮ್ಮೆ ಒತ್ತಿದರೂ ಅದೇ. ನಾನು ನನ್ನ ಹೆಸರಿನಲ್ಲಿ ಬೇರೆಯೇ ಒಂದು ಮುಖ್ಯ ಖಾತೆ ತೆರೆಯೋಣವೆಂದು ಹೋದೆ. ಅದಕ್ಕೂ ಯಜಮಾನಿಯ ಪಾಸ್‌ವರ್ಡ್ ಬೇಕಂತೆ.

ಜಾಯ್ಸ್‌ಳಿಂದ ಈಮೇಲ್ ಬಂತು. ‘ರಮ್ಯಾ, ಕಳೆದ ಶನಿವಾರ ತುಂಬಾ ಕಾದೆ. ಕೋಪವಾ? ಇಲ್ಲಿ ಕ್ಲಾಸಿನವರು ಅವರ ಟೀಮಿಗೆ ಕರೀತಾ ಇದ್ದಾರೆ. ಈ ಶನಿವಾರವೂ ನೀನು ಬರದಿದ್ರೆ ನಾನು ಅವರ ಜೊತೆ ಸೇರ್ತೇನೆ.’ ರಮ್ಯ ಅದನ್ನು ಓದಿ, ಅನ್ನಕ್ಕೆ ಮೊಸರು ಹಾಕಿಕೊಂಡು ಕಲಸುತ್ತಲೇ ಕುಳಿತಳು. ತಿನ್ನಲಿಲ್ಲ. ನಾನು ಫೋನ್ ಎತ್ತಿದೆ.

“ಅತ್ತೆ, ಆಪರೇಷನ್ ಚೆನ್ನಾಗಿ ಆಯ್ತಂತೆ. ಸಂತೋಷ. ಒಂದು ಸಣ್ಣ ವಿಷಯ. ಆ ಪಾಸ್‌ವರ್ಡ್ ಎಂತದು?”

“ಯಾರು ಮಾತಾಡುದು?”

“ನಾನು. ರಾಜೀವಿ.”

“ರಾಜೀವಿಯೇ ಹೌದು ಅಂತ ನನಗೆ ಹೇಗೆ ಗೊತ್ತಾಗ್ಬೇಕು? ನನಗೆ ಈಗ ಕಣ್ಣು ಕಟ್ಟಿದ್ದಾರೆ.”

“ಫೋನಿನಲ್ಲಿ ಕಣ್ಣಿದ್ದರೂ ಕಾಣುವುದಿಲ್ಲ ಅತ್ತೆ. ನಿಮ್ಮ ಸೊಸೆ ನಾನು!”

“ಸೊಸೆಯ ಹಾಗೆ ಮಾತಾಡುವವರು ತುಂಬ ಜನ ಇರ್ತಾರೆ. ಸೊಸೆಯೇ ಆದರೂ ಹೇಳುವ ಹಾಗಿಲ್ಲ. ಮನೆಯವರಿಗೂ ಬೇಡ ಅಂತ ಅಲ್ವ ಬರೆದದ್ದು? ಗಣೇಶನೇ ಓದಿದ್ದು.”

ಫೋನ್ ಕೈ ಬದಲಾಯಿತು. “ಅಮ್ಮ ಹೇಳುದು ನಿಯಮ ಪ್ರಕಾರ ಸರಿ” ಎಂದರು ನಮ್ಮವರು, ಸೋತ ಧ್ವನಿಯಲ್ಲಿ.

ಪಕ್ಕದ ಮನೆಯ ಜುಬೈದಾ ಕಾಸರಗೋಡಿನ ಕಡೆಯ ಉಪ್ಪಳದವಳು. ಮೀನಿನ ಮಸಾಲೆ ಅರೆಯುವ ಹೊತ್ತಿಗೂ ನಮ್ಮ ಮನೆಯ ಸದ್ದಿಗೆ ಒಂದು ಕಿವಿ ಇಟ್ಟಿರುತ್ತಾಳೆ. ವಿಷಯ ತಿಳಿದದ್ದೇ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

“ಅಯ್ಯೋ ರಾಜೀವಿಯಕ್ಕ, ಟೀಚರಮ್ಮನ ಮನಸ್ಸಲ್ಲಿ ಇರುದು ನಮಗೆ ಗೊತ್ತಿಲ್ವಾ? ಮೊಮ್ಮಗಳ ಹೆಸರು ಹಾಕಿ, ಹುಟ್ಟಿದ ಇಸವಿ ಸೇರಿಸಿ ನೋಡಿ.”

ಹಾಕಿದೆವು. ತಪ್ಪು. ಮಗನ ಹೆಸರು. ತಪ್ಪು. ಅಷ್ಟರಲ್ಲಿ ಮಟ್ಟಾಂಚೇರಿಯ ಕರಿಮೆಣಸಿನ ಗೋದಾಮಿನಿಂದ ಕೆಲಸ ಮುಗಿಸಿ ಬಂದ ಅವಳ ಗಂಡ ಇಸ್ಮಾಯಿಲ್ ಕೂಡ ಬಾಗಿಲಲ್ಲಿ ನಿಂತರು. ಅವರ ಮೈಯಿಂದ ಬಂದ ಮೆಣಸಿನ ಘಾಟಿಗೆ ನಾನೊಮ್ಮೆ ಸೀನಿದೆ.

“ಟೀಚರ್ ಅಲ್ವಾ? ಶಾಲೆಯ ಹೆಸರಿರ್ತದೆ” ಎಂದರು.

ಶಾಲೆಯ ಹೆಸರೂ ತಪ್ಪು. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಇನ್ನೊಮ್ಮೆ ತಪ್ಪಿದರೆ ಖಾತೆಗೆ ಬೀಗ.

“ಮುಟ್ಟಬೇಡಿ! ಯಾರೂ ಮುಟ್ಟಬೇಡಿ!” ಎಂದು ಜುಬೈದಾ ಗ್ಯಾಸ್ ಸೋರಿದ್ದು ಕಂಡವಳ ಹಾಗೆ ಕೂಗಿದಳು. ಮೂವರೂ ಎರಡು ಹೆಜ್ಜೆ ಹಿಂದೆ ಸರಿದೆವು.

ಅಂದಿನಿಂದ ಕಟ್ಟಡಕ್ಕೆಲ್ಲ ಒಂದೇ ಕುತೂಹಲ. ಟೀಚರಮ್ಮನ ಪಾಸ್‌ವರ್ಡ್ ಏನಿರಬಹುದು? ಲಿಫ್ಟಿನಲ್ಲಿ ಸಿಕ್ಕಿದವರು ‘ಊಟವಾಯಿತೇ’ ಬಿಟ್ಟು ‘ಸಿಕ್ಕಿತೇ’ ಎಂದು ಕೇಳತೊಡಗಿದರು. ನನಗೂ, ನಿಜ ಹೇಳಬೇಕೆಂದರೆ, ದೋಸೆ ಮಗುಚುವಾಗಲೂ ಅದೇ ಯೋಚನೆ. ಜೊತೆಯಲ್ಲೇ ಇಷ್ಟು ವರ್ಷ ಇದ್ದವರ ಮನಸ್ಸಿನಲ್ಲಿ ನಮಗೆ ಗೊತ್ತಿಲ್ಲದ ಎಂಟು ಅಕ್ಷರ ಯಾವುದಿರಬಹುದು? ಎರಡು ದೋಸೆ ಸೀದುಹೋದವು.

ನಮ್ಮವರಿಗೆ ತಮ್ಮ ಹೆಸರು ಉಳಿಸಿಕೊಳ್ಳಬೇಕಿತ್ತು. ಮಗಳ ಮುಖ ನೆನಪಾಗಿ ನಿದ್ದೆಯೂ ಬರಲಿಲ್ಲವಂತೆ. ಪಾಸ್‌ವರ್ಡ್ ಮರೆತವರಿಗೆ ಇನ್ನೊಂದು ದಾರಿ ಉಂಟೆಂದು ಅವರು ಕಂಡುಹಿಡಿದರು. ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ಸಾಕು. ಖಾತೆ ತೆರೆದ ದಿನ ಅತ್ತೆಯವರು ಆರಿಸಿದ್ದ ಪ್ರಶ್ನೆ: ನಿಮ್ಮ ತಾಯಿಗೆ ಮದುವೆಗೆ ಮುಂಚೆ ಇದ್ದ ಹೆಸರೇನು?

ಬೇರೆ ದೇಶಗಳಲ್ಲಿ ಇದಕ್ಕೆ ಮನೆತನದ ಹೆಸರು ಹೇಳುತ್ತಾರಂತೆ. ನಮ್ಮ ಮನೆಯಲ್ಲಿ ಹಿಂದೆ ಹುಡುಗಿಯ ಹೆಸರನ್ನೇ ಧಾರೆಯ ದಿನ ಬದಲಿಸಿ, ಅಕ್ಕಿಯ ಮೇಲೆ ಹೊಸದು ಬರೆಸುತ್ತಿದ್ದರು. ಹಳೆಯ ಹೆಸರು ತವರಿನ ಬಾವಿಕಟ್ಟೆಯ ಈಚೆಗೆ ಬರುತ್ತಿರಲಿಲ್ಲ. ಅತ್ತೆಯವರ ತಾಯಿಯ ಹಳೆಯ ಹೆಸರು ಗೊತ್ತಿದ್ದರೆ ಅದು ಮಂಜೇಶ್ವರದಲ್ಲಿರುವ ಅತ್ತೆಯವರ ತಂಗಿ ಜಯಮ್ಮನಿಗೆ ಮಾತ್ರ. ಇವರು ಆಫೀಸಿನಿಂದಲೇ ಫೋನ್ ಮಾಡಿದರು.

“ಚಿಕ್ಕಮ್ಮಾ, ಅಜ್ಜಿಯ ಮದುವೆಗೆ ಮುಂಚಿನ ಹೆಸರು ಎಂತ?”

“ಅದು ಈಗ ಯಾಕೆ?”

“ಒಂದು ಖಾತೆ ವಿಷಯ. ಅಮ್ಮನಿಗೆ ಹೇಳಬೇಡಿ.”

ಇಷ್ಟು ಸಾಕಾಯಿತು. ಜಯಮ್ಮ ಚಿಕ್ಕಮ್ಮ ಫೋನ್ ಇಟ್ಟವರೇ ನೇರವಾಗಿ ಆಸ್ಪತ್ರೆಗೆ ಫೋನ್ ಹಚ್ಚಿದರು. “ಅಕ್ಕಾ, ನಿನ್ನ ಮಗ ಅಮ್ಮನ ಹಳೇ ಹೆಸರು ಕೇಳ್ತಾ ಇದ್ದಾನೆ. ಖಾತೆ ಬದಲಾಯಿಸ್ಲಿಕ್ಕಂತೆ. ಅಮ್ಮನ ಹೆಸರಿನ ಆ ಗದ್ದೆ ಉಂಟಲ್ಲ! ನಿನಗೆ ಹೇಳಬಾರದು ಅಂತಲೂ ಹೇಳಿದ. ಎಲ್ಲಿಗೂ ಹೆಬ್ಬೆಟ್ಟು ಒತ್ತಬೇಡ!”

“ಹೆಬ್ಬೆಟ್ಟಾ? ನಾನು ಟೀಚರು!” ಎಂದರಂತೆ ಅತ್ತೆಯವರು. ಆದರೆ ಆ ಸಂಜೆ ಮಗ ತಂದ ಗಂಜಿಯನ್ನು ಒಂದು ಕಣ್ಣಿನಿಂದ ಬಹಳ ಹೊತ್ತು ದಿಟ್ಟಿಸಿದ ಮೇಲೆಯೇ ಕುಡಿದರು.

ಕಡೆಯ ಉಪಾಯವಾಗಿ ನಮ್ಮವರು ತಮ್ಮ ಮೇಲಧಿಕಾರಿ ಕೃಷ್ಣಾನಂದರನ್ನು ಬೇಡಿಕೊಂಡರು. ಅವರು ಕಾಸರಗೋಡಿನ ಕಡೆಯವರೇ. ಇಡೀ ವಿಭಾಗ ಅವರ ಒಂದು ಕೆಮ್ಮಿಗೆ ಎದ್ದು ನಿಲ್ಲುತ್ತದೆ. ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಬಂದು, ಕುರ್ಚಿ ಎಳೆದು ಕೂತು, ಕೆಮ್ಮಿದರು.

“ಅಮ್ಮಾ, ನಾನು ಗಣೇಶಪ್ರಸಾದರ ಮೇಲಧಿಕಾರಿ. ಸಣ್ಣ ಮಗುವಿನ ವಿಷಯ ಅಲ್ಲವಾ? ಆ ಪಾಸ್‌ವರ್ಡ್ ಒಂದು ಹೇಳಿಬಿಡಿ.”

ಅತ್ತೆಯವರು ಎದ್ದು ಕೂತರು. “ಗಣೇಶಾ, ಇವರು ಯಾರು?”

“ಹೇಳಿದರಲ್ಲಮ್ಮಾ, ನಮ್ಮ ಅಧಿಕಾರಿ.”

“ಅಧಿಕಾರಿಗಳು ಯಾರೂ ಕೇಳುದಿಲ್ಲ ಅಂತ ಸ್ಪಷ್ಟ ಬರೆದಿತ್ತು. ಇವರು ಕೇಳಿದ್ರು. ಅಂದರೆ ಅಧಿಕಾರಿ ಅಲ್ಲ. ಹಣ್ಣು ಹೊರಗೆ ಇಡ್ಲಿಕ್ಕೆ ಹೇಳು.”

ಕೃಷ್ಣಾನಂದರು ಹಣ್ಣು ಎತ್ತಿಕೊಂಡು ಎದ್ದರು. “ನಿಮ್ಮ ತಾಯಿ ನಮ್ಮ ಇಲಾಖೆಗೆ ಬರಬೇಕಿತ್ತು ಮಾರಾಯ್ರೆ” ಎಂದು ಹಣ್ಣು ಹೊರಗಿಟ್ಟು ಹೋದರಂತೆ.

ಶನಿವಾರ ಬಂತು. ಅತ್ತೆಯವರು ಆಸ್ಪತ್ರೆಯಿಂದ ಮಗನ ಬಾಡಿಗೆ ಕೋಣೆಗೆ ಬಂದಿದ್ದರು. ಸಂಜೆ ರಮ್ಯ ಹಲ್ಲುಜ್ಜಿ, ತಲೆ ಬಾಚಿ, ಒಳ್ಳೆಯ ಫ್ರಾಕು ಹಾಕಿಕೊಂಡು ಟೀವಿಯ ಮುಂದೆ ಕುಳಿತಳು. ಮೈಕಿನಲ್ಲಿ ಫ್ರಾಕು ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ. ಜಾಯ್ಸ್ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಹೊತ್ತಿಕೊಂಡಿತು. ಒತ್ತಿದಳು. ‘ನಿಮ್ಮ ಹಿರಿಯರ ಅನುಮತಿ ಇಲ್ಲ.’

ಇಸ್ಮಾಯಿಲ್ ಜೊತೆ ಬಂದು ಕುಳಿತಿದ್ದ ಜುಬೈದಾಳ ಕಣ್ಣಲ್ಲಿ ನೀರು. “ಅಲ್ಲೇ ಇದ್ದಾಳಲ್ಲ, ಪಾಪ! ಗಾಜಿನ ಆಚೆ ಇದ್ದ ಹಾಗೆ.”

ನಾನು ತಿರುವನಂತಪುರಕ್ಕೆ ಫೋನ್ ಹಚ್ಚಿದೆ. ಈ ಸಲ ನಾನು ಮಾತಾಡಲಿಲ್ಲ, ಮಗಳ ಕಿವಿಗೆ ಹಿಡಿದೆ. ರಮ್ಯ ಒಂದು ಸಲ ಮೂಗು ಎಳೆದುಕೊಂಡು ಕನ್ನಡದಲ್ಲಿ ಶುರುಮಾಡಿದಳು.

“ಅಜ್ಜೀ, ನನಗೆ ಪಾಸ್‌ವರ್ಡ್ ಬೇಡ. ನೀವು ಯಾರಿಗೂ ಹೇಳಬೇಡಿ. ನನಗೆ ಜಾಯ್ಸ್ ಹತ್ತಿರ ಮಾತಾಡಬೇಕು. ಅಷ್ಟೇ.”

“ಜಾಯ್ಸ್ ಹತ್ತಿರವಾ? ಮಾತಾಡು. ಅದಕ್ಕೆ ಯಾರು ಬೇಡ ಹೇಳಿದ್ದು?”

“ನೀವೇ!”

“ನಾನಾ? ನಾನು ಬೇಡ ಅಂದದ್ದು ಅಪರಿಚಿತರಿಗೆ! ಜಾಯ್ಸ್ ಎಂತ ಅಪರಿಚಿತಳಾ? ನನ್ನ ಹತ್ತಿರ ಮಗ್ಗಿ ಕಲಿತವಳು!” ಫೋನಿನಿಂದ ಆಚೆಗೂ ಅವರ ಧ್ವನಿ ಕೇಳಿಸುತ್ತಿತ್ತು. “ಇದನ್ನು ಮೊದಲೇ ಯಾಕೆ ಯಾರೂ ಹೇಳ್ಲಿಲ್ಲ? ನಿನ್ನ ಅಮ್ಮ ಕೇಳಿದ್ದು ಪಾಸ್‌ವರ್ಡು, ಅಪ್ಪ ಕೇಳಿದ್ದು ಪಾಸ್‌ವರ್ಡು, ಆ ಕಿತ್ತಳೆಯವನು ಕೇಳಿದ್ದೂ ಪಾಸ್‌ವರ್ಡು. ಒಬ್ಬರಾದ್ರೂ ಜಾಯ್ಸ್ ಅಂತ ಹೇಳಿದ್ರಾ? ಗಣೇಶಾ, ಚಪ್ಪಲಿ ಕೊಡು!”

ಡಾಕ್ಟರು ಬಗ್ಗಬಾರದು ಎಂದಿದ್ದರು. ಇಂಟರ್‌ನೆಟ್ ಕೆಫೆಗೆ ಹೋಗಬಾರದು ಎಂದು ಹೇಳಿರಲಿಲ್ಲ. ಯಜಮಾನಿಯ ಖಾತೆಯನ್ನು ಯಾವ ಕಂಪ್ಯೂಟರಿನಿಂದಲೂ ತೆರೆದು ಅನುಮತಿ ಕೊಡಬಹುದಂತೆ. ಮುಂದಿನದು ಇವರ ಬಾಯಿಂದ ಕೇಳಿದ್ದು. ಆಪರೇಷನ್ನಿನ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಮಗನ ತೋಳು ಹಿಡಿದು ಅತ್ತೆಯವರು ಸ್ಟ್ಯಾಚ್ಯೂ ಜಂಕ್ಷನ್ನಿನ ಒಂದು ಕೆಫೆಯ ಮೆಟ್ಟಿಲು ಹತ್ತಿದರು. ಒಳಗಿದ್ದ ಕಾಲೇಜು ಹುಡುಗರು ಪೊಲೀಸರು ಬಂದರೆಂದುಕೊಂಡು ಪಟಪಟನೆ ಕಿಟಕಿಗಳನ್ನು ಮುಚ್ಚಿದರಂತೆ, ಕಂಪ್ಯೂಟರಿನ ಕಿಟಕಿಗಳನ್ನು.

“ಐಡಿ ಕಾರ್ಡ್ ವೇಣಂ ಅಮ್ಮೂಮ್ಮೇ” ಎಂದನಂತೆ ಮಾಲೀಕ. ಪೊಲೀಸರ ನಿಯಮ ಅಜ್ಜೀ, ಗುರುತಿನ ಚೀಟಿ ಬೇಕೇ ಬೇಕು ಎಂದು.

ನಿಯಮ ಎಂದದ್ದೇ ಅತ್ತೆಯವರಿಗೆ ಅವನ ಮೇಲೆ ಗೌರವ ಬಂತು. ಚೀಲದಿಂದ ಮತದಾರರ ಚೀಟಿ ತೆಗೆದುಕೊಟ್ಟರು. ಆಮೇಲೆ ತಮ್ಮ ನಿಯಮ ಹೇಳಿದರು. ಎಲ್ಲರೂ ಗೋಡೆಯ ಕಡೆ ಮುಖ ಮಾಡಬೇಕು. ಮಾಲೀಕನೂ. ಮಗನೂ. ಪರೀಕ್ಷೆಯ ಕೋಣೆಗಳಲ್ಲಿ ಅಷ್ಟು ವರ್ಷ ನಡೆದಾಡಿದ ಆ ಧ್ವನಿಗೆ ತಿರುವನಂತಪುರದ ಹುಡುಗರೂ ತಿರುಗಿ ನಿಂತರು. ಒಂದು ಬೆರಳಿನ ಟಿಕ್ ಟಿಕ್ ಶುರುವಾಯಿತು.

ಇತ್ತ ಕಲೂರಿನಲ್ಲಿ ನಾವು ಹಸಿರು ಚುಕ್ಕೆಯನ್ನೇ ನೋಡುತ್ತಾ ಕುಳಿತಿದ್ದೆವು. ಅದು ಒಮ್ಮೆ ಆರಿತು. ಮತ್ತೆ ಹೊತ್ತಿಕೊಂಡಿತು. ಇಸ್ಮಾಯಿಲ್ ಮೂರನೆಯ ಲೋಟ ಚಹಾ ಕುಡಿದರು.

ತಡವಾದದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ಖಾತೆಯ ಒಳಗೆ ಹೋದ ಅತ್ತೆಯವರಿಗೆ ಅಲ್ಲಿದ್ದದ್ದನ್ನೆಲ್ಲ ಓದುವ ಕುತೂಹಲ. ಯಜಮಾನಿಯ ಹೆಸರಿಗೆ ಒಂದು ಗೆಳೆತನದ ಕೋರಿಕೆ ಬಂದು ಕುಳಿತಿತ್ತು.

“ಗಣೇಶಾ, ಗೋಡೆ ನೋಡಿಕೊಂಡೇ ಹೇಳು. ಬ್ರೆಜಿಲ್ ಅಂದ್ರೆ ದಕ್ಷಿಣ ಅಮೆರಿಕ ಅಲ್ವ?”

“ಹೌದಮ್ಮ, ಯಾಕೆ?”

“ಅಲ್ಲಿಯ ಒಬ್ಬ ಹುಡುಗ ನನ್ನ ಹತ್ತಿರ ಕಾರ್ ಓಡಿಸ್ಲಿಕ್ಕೆ ಬರ್ತೀರಾ ಕೇಳ್ತಾ ಇದ್ದಾನೆ. ಮನೆಯಲ್ಲಿ ಹೇಳಿದ್ದಾನಾ ಇಲ್ವಾ ಅಂತ ಗೊತ್ತಾಗುದಿಲ್ಲ.”

“ಅಮ್ಮಾ, ಜಾಯ್ಸ್!”

“ಹ್ಞಾಂ, ಹ್ಞಾಂ. ಒತ್ತಿದೆ.”

ನಮ್ಮ ಟೀವಿಯಲ್ಲಿ ಒಂದು ಸಣ್ಣ ಗಂಟೆ ಹೊಡೆಯಿತು. ‘ಕುಸುಮಾವತಿ ಅವರು ಅನುಮತಿ ನೀಡಿದ್ದಾರೆ.’ ಜುಬೈದಾ ನನ್ನ ತೋಳನ್ನು ಚಿವುಟಿದ ಗುರುತು ಎಷ್ಟೋ ದಿನ ಇತ್ತು. ರಮ್ಯ ಮೈಕು ಬಾಯಿಗೆ ಹಿಡಿದು, “ಜಾಯ್ಸೇ, ಕೇಳ್ತದಾ?” ಎಂದಳು.

“ಎಲ್ಲಿ ಸತ್ತಿದ್ದೆ ಮಾರಾಯ್ತಿ?” ಎಂದಿತು ಶಾರ್ಜಾ.

ಆಟ ತೆರೆಯಿತು. ನಮ್ಮದು ಕೆಂಪು ಕಾರು, ಜಾಯ್ಸ್‌ಳದು ನೀಲಿ. ಗೆರೆಯ ಮೇಲೆ ಇನ್ನೂ ಆರೇಳು ಕಾರುಗಳು, ಯಾವ ಯಾವ ದೇಶದವೋ. ದೀಪ ಹಸಿರಾಯಿತು. ಉಳಿದ ಕಾರುಗಳು ಹೊಗೆ ಎಬ್ಬಿಸಿ ಮಾಯವಾದವು. ಕೆಂಪು, ನೀಲಿ ಅಲ್ಲಿಯೇ ನಿಂತಿದ್ದವು.

“ಹೋಗು ಮೋಳೇ, ಹೋಗು ಮಗಳೇ!” ಎಂದರು ಇಸ್ಮಾಯಿಲ್, ಕುರ್ಚಿಯಿಂದ ಅರ್ಧ ಎದ್ದು.

ರಮ್ಯ ಕೇಳಿಸಿಕೊಳ್ಳಲಿಲ್ಲ. ರಿಮೋಟು ಮಡಿಲಲ್ಲಿ ಬಿದ್ದಿತ್ತು. “…ಅಲ್ಲಿ ಶಾಲೆ ಬಸ್ಸಿಗೆ ಏಸಿ ಉಂಟಾ? ಹೌದಾ! ನಿನ್ನ ಪಕ್ಕ ಯಾರು ಕೂರುದು? ಇಲ್ಲಿ ನಿನ್ನ ಜಾಗದಲ್ಲಿ ನಾನು ಬ್ಯಾಗ್ ಇಡ್ತೇನೆ… ಹೌದು, ಯಾರಿಗೂ ಕೂರ್ಲಿಕ್ಕೆ ಬಿಡುದಿಲ್ಲ… ಆ ಟೀಮಿಗೆ ಸೇರಿದ್ಯಾ? ಇಲ್ವಾ? ನಿಜ ಹೇಳು…” ಒಂದರ ಮೇಲೊಂದು ಬೀಳುವ ಮಾತು, ಅರ್ಧ ಕನ್ನಡ, ಅರ್ಧ ನಗು. ಮುಂದೆ ಹೋದ ಕಾರುಗಳು ಒಂದು ಸುತ್ತು ಮುಗಿಸಿ ಬಂದು, ಇವರಿಬ್ಬರ ಪಕ್ಕದಿಂದ ಹಾರ್ನ್ ಹೊಡೆಯುತ್ತಾ ಹಾದುಹೋದವು. ನಾನು ಒಲೆ ಆರಿಸಿ ಬಂದು ನೆಲದ ಮೇಲೆ ಕುಳಿತೆ.

ಫೋನ್ ರಿಂಗಾಯಿತು. ಕೆಫೆಯಿಂದ ಇಳಿದು ರಸ್ತೆಗೆ ಬಂದಿದ್ದರು. ಬಸ್ಸುಗಳ ಸದ್ದಿನ ನಡುವೆ ಅತ್ತೆಯವರ ಧ್ವನಿ. “ರಾಜೀವಿ, ರೇಸ್ ಆಯ್ತಾ? ಯಾರು ಗೆದ್ದದ್ದು?”

ನಾನು ಪರದೆ ನೋಡಿದೆ. ಫಲಿತಾಂಶ ಬಂದಿತ್ತು.

“ಇಬ್ಬರೂ ಕೊನೆ, ಅತ್ತೆ. ಶುರುವಿನ ಗೆರೆ ಬಿಟ್ಟು ಹೊರಡಲೇ ಇಲ್ಲ. ಆಗಿನಿಂದ ಬರೀ ಮಾತು.”

“ಗೊತ್ತಿತ್ತು ನನಗೆ” ಎಂದರು ಕುಸುಮಾವತಿ ಟೀಚರು. “ಇವರಿಬ್ಬರನ್ನು ಒಂದೇ ಬೆಂಚಲ್ಲಿ ಕೂರಿಸಿದ್ರೆ ಪಾಠ ಆಗುದಿಲ್ಲ.” ಒಂದು ಬಸ್ಸು ಹಾದುಹೋಯಿತು. “ಇರ್ಲಿ. ಬೆಲ್ ಆಗುವವರೆಗೆ ಮಾತಾಡ್ಲಿ.”